ಪೆಡಲ್ ತುಳಿಯುವವರು ಇವರು, ಹ್ಯಾಂಡಲ್ ಹಿಡಿದವರು ಅವರು

ವಿಜಯಪುರ, ಬಾಗಲಕೋಟೆ, ಜಮಖಂಡಿ, ಗದಗ ಕಡೆಯ ರಸ್ತೆಗಳಲ್ಲಿ ಬೆಳಗಿನ ಜಾವ ಹೊರಟವರಿಗೆ ಸಾಲಾಗಿ ಸಾಗುವ ಸೈಕ್ಲಿಸ್ಟುಗಳ ನೋಟ ಹೊಸತಲ್ಲ. ಹೆಚ್ಚಿನವರು ರೈತರ, ಕೂಲಿಕಾರರ ಮಕ್ಕಳು. ವಿಜಯಪುರದ ಕ್ರೀಡಾ ವಸತಿನಿಲಯ, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆಗಳ ಮೂಲಕ ಈ ಭಾಗವು ದಶಕಗಳಿಂದ ರಾಜ್ಯಕ್ಕೆ ಸೈಕ್ಲಿಸ್ಟುಗಳನ್ನು ನೀಡುತ್ತ ಬಂದಿದೆ. ಆದರೆ ಈ ಕ್ರೀಡೆಯನ್ನು ಆಳುವ ರಾಷ್ಟ್ರೀಯ ಒಕ್ಕೂಟದ ತೀರ್ಮಾನಗಳಲ್ಲಿ ಈ ಹುಡುಗ ಹುಡುಗಿಯರ ಮಾತಿಗೆ ಎಷ್ಟು ಬೆಲೆಯಿದೆ? ಬೆಂಗಳೂರಿನಲ್ಲಿ ಲಕ್ಷಾಂತರ ರೂಪಾಯಿಯ ಸೈಕಲ್ ಏರಿ ನಂದಿಬೆಟ್ಟ ಹತ್ತುವ ತಂತ್ರಜ್ಞನ ಮಾತಿಗಾದರೂ ಬೆಲೆಯಿದೆಯೇ? ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಎಂಬುದು ವಿಷಾದದ ಸಂಗತಿ.

ಕಳೆದ 2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಗೆ ಅಂಗೀಕಾರ ನೀಡಿದ ಹಿನ್ನೆಲೆಯಲ್ಲಿ ಈ ಪ್ರಶ್ನೆಯನ್ನು ಮತ್ತೊಮ್ಮೆ ಪರಿಶೀಲಿಸುವುದು ಅಗತ್ಯವಾಗಿದೆ.

ಮೆಟ್ಟಿಲುಗಳ ಲೆಕ್ಕ

ಸ್ವಿಟ್ಜರ್ಲೆಂಡಿನ ಏಗ್ಲ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ (ಯುಸಿಐ) 1900ರಲ್ಲಿ ಸ್ಥಾಪನೆಗೊಂಡಿತು. ಅದರ ಕೆಳಗೆ ಏಷ್ಯಾ ಮಹಾಮಂಡಳಿ, ಅದರ ಕೆಳಗೆ 1946ರಲ್ಲಿ ಹುಟ್ಟಿದ ಭಾರತೀಯ ಸೈಕ್ಲಿಂಗ್ ಫೆಡರೇಷನ್, ಅದರ ಕೆಳಗೆ ರಾಜ್ಯ ಸಂಸ್ಥೆಗಳು, ಕೊನೆಗೆ ಜಿಲ್ಲಾ ಸಂಸ್ಥೆಗಳು. ಈ ಎಲ್ಲ ಮೆಟ್ಟಿಲುಗಳ ಬುಡದಲ್ಲಿ ನಿಂತವನು ಸೈಕ್ಲಿಸ್ಟ್. ಫೆಡರೇಷನ್ನಿನ ಚುನಾವಣೆಯಲ್ಲಿ ಮತ ಚಲಾಯಿಸುವುದು ರಾಜ್ಯ ಘಟಕಗಳು ಮತ್ತು ರೈಲ್ವೆ, ಸೇನಾಪಡೆಗಳಂತಹ ಮಂಡಳಿಗಳು. ಸವಾರನು ಪರವಾನಗಿ ಶುಲ್ಕ ಕಟ್ಟುತ್ತಾನೆ, ಸ್ಪರ್ಧೆಯ ಪ್ರವೇಶ ಶುಲ್ಕ ಕಟ್ಟುತ್ತಾನೆ, ಆದರೆ ಮತದಾರನಾಗಿರುವುದಿಲ್ಲ.

ಇದು ಸೈಕ್ಲಿಂಗ್‌ಗೆ ಮಾತ್ರ ಅಂಟಿದ ರೋಗವಲ್ಲ, ದೇಶದ ಬಹುತೇಕ ಕ್ರೀಡಾ ಒಕ್ಕೂಟಗಳ ರಚನೆ ಹೀಗೆಯೇ ಇದೆ. ಆದರೆ ಸೈಕ್ಲಿಂಗ್‌ನಲ್ಲಿ ಇದರ ಜೊತೆಗೆ ಇನ್ನೊಂದು ನಿಯಮವೂ ಸೇರಿಕೊಂಡಿದೆ. ಯುಸಿಐ ನಿಯಮಾವಳಿಯ 1.2.019ನೇ ವಿಧಿಯ ಪ್ರಕಾರ, ಪರವಾನಗಿ ಪಡೆದ ಸವಾರನು ಒಕ್ಕೂಟಗಳ ವೇಳಾಪಟ್ಟಿಯಲ್ಲಿ ಇಲ್ಲದ ಅಥವಾ ಅವು ಮಾನ್ಯ ಮಾಡದ ಸ್ಪರ್ಧೆಯಲ್ಲಿ ಭಾಗವಹಿಸುವಂತಿಲ್ಲ. ಮೀರಿದರೆ ಒಂದು ತಿಂಗಳ ಅಮಾನತು ಮತ್ತು ದಂಡ. ಕೆಲವು ಸ್ಪರ್ಧೆಗಳಿಗೆ ವಿನಾಯಿತಿ ನೀಡುವ ಅಧಿಕಾರ ರಾಷ್ಟ್ರೀಯ ಒಕ್ಕೂಟದ ಕೈಯಲ್ಲಿದೆ. ಅನಧಿಕೃತ ಸ್ಪರ್ಧೆಗಳಿಂದ ಸವಾರರ ಸುರಕ್ಷತೆಗೆ ಧಕ್ಕೆಯಾಗಬಾರದು, ಉದ್ದೀಪನ ಮದ್ದಿನ ತಪಾಸಣೆ ತಪ್ಪಬಾರದು ಎಂಬ ಸಮರ್ಥನೆ ಈ ನಿಯಮಕ್ಕಿದೆ. ಅದನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಒಕ್ಕೂಟವೇ ಸಾಕಷ್ಟು ಸ್ಪರ್ಧೆ ಏರ್ಪಡಿಸದ ದೇಶದಲ್ಲಿ ಬೇರೆಯವರು ಏರ್ಪಡಿಸಿದ್ದಕ್ಕೂ ಹೋಗಬೇಡ ಎಂದರೆ, ಊಟ ಬಡಿಸದವನು ಪಕ್ಕದ ಮನೆಯ ಊಟಕ್ಕೂ ಅಡ್ಡ ಬಂದಂತಾಗುತ್ತದೆ.

ಒಂದು ಸಹಿಯ ಬೆಲೆ

ಉತ್ತರ ಕರ್ನಾಟಕದ ಹುಡುಗನಿಗೆ ಈ ಕ್ರೀಡೆ ಹವ್ಯಾಸವಲ್ಲ, ಬದುಕಿನ ದಾರಿ. ರೈಲ್ವೆ, ಸೇನೆ, ಅರೆಸೇನಾ ಪಡೆಗಳಲ್ಲಿ ಕ್ರೀಡಾ ಕೋಟಾದ ನೌಕರಿ ಅವನ ಗುರಿ. ಕೇಂದ್ರ ಸರ್ಕಾರದ ನೇಮಕಾತಿ ನಿಯಮಗಳಂತೆ, ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ದೇಶವನ್ನು ಪ್ರತಿನಿಧಿಸಿದವನಿಗೆ ರಾಷ್ಟ್ರೀಯ ಒಕ್ಕೂಟದ ಕಾರ್ಯದರ್ಶಿಯೂ, ರಾಷ್ಟ್ರೀಯ ಸ್ಪರ್ಧೆಯಲ್ಲಿ ರಾಜ್ಯವನ್ನು ಪ್ರತಿನಿಧಿಸಿದವನಿಗೆ ರಾಜ್ಯ ಸಂಸ್ಥೆಯ ಕಾರ್ಯದರ್ಶಿಯೂ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಆ ಸಹಿಯಿಲ್ಲದೆ ಎಷ್ಟು ಪದಕ ಗೆದ್ದರೂ ಅರ್ಜಿ ಮುಂದೆ ಸಾಗದು. ಒಂದು ಕುಟುಂಬದ ಅನ್ನ ಒಬ್ಬ ಪದಾಧಿಕಾರಿಯ ಲೇಖನಿಯ ತುದಿಯಲ್ಲಿರುವಾಗ, ಆಯ್ಕೆಯಲ್ಲಿ ಅನ್ಯಾಯವಾಯಿತೆಂದೋ, ರೈಲಿನ ಶೌಚಾಲಯದ ಪಕ್ಕ ಸೈಕಲ್ ಇಟ್ಟುಕೊಂಡು ಎರಡು ದಿನ ಪ್ರಯಾಣಿಸಬೇಕಾಯಿತೆಂದೋ ದೂರು ಕೊಡುವ ಧೈರ್ಯ ಯಾರಿಗೆ ಬಂದೀತು? ಗ್ರಾಮೀಣ ಸೈಕ್ಲಿಸ್ಟಿನ ಮೌನವನ್ನು ಸಂತೃಪ್ತಿಯೆಂದು ತಿಳಿಯುವುದು ತಪ್ಪು.

ಬೆಂಗಳೂರಿನ ಸವಾರನ ಸ್ಥಿತಿ ಬೇರೆ. ಅವನಿಗೆ ನೌಕರಿ ಇದೆ, ಒಕ್ಕೂಟದ ಹಂಗಿಲ್ಲ. ಆದ್ದರಿಂದ ಅವನು ತನ್ನ ದಾರಿಯನ್ನು ತಾನೇ ಮಾಡಿಕೊಂಡಿದ್ದಾನೆ. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಸವಾರರ ಉತ್ಸಾಹದಿಂದಲೇ ಬೆಳೆಯಿತು. ಬೆಂಗಳೂರು ಬೈಸಿಕಲ್ ಚಾಂಪಿಯನ್‌ಷಿಪ್ಸ್ ಹೆಸರಿನ ಹವ್ಯಾಸಿ ಸ್ಪರ್ಧೆಗಳನ್ನು ಸ್ವಯಂಸೇವಕರೇ ನಡೆಸಿದರು. ಪ್ಯಾರಿಸಿನ ಆಡಾಕ್ಸ್ ಕ್ಲಬ್ಬಿನ ಮಾನ್ಯತೆಯೊಂದಿಗೆ ನಡೆಯುವ ಬ್ರೆವೆಗಳಲ್ಲಿ 200 ಕಿ.ಮೀ.ಗಳನ್ನು ಹದಿಮೂರೂವರೆ ಗಂಟೆಯಲ್ಲಿ, 600 ಕಿ.ಮೀ.ಗಳನ್ನು 40 ಗಂಟೆಯಲ್ಲಿ ಮುಗಿಸುವವರು ಇಂದು ದೇಶದ ಹಲವು ನಗರಗಳಲ್ಲಿದ್ದಾರೆ. ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ನ 1200 ಕಿ.ಮೀ. ಸವಾರಿಗೆ 2019 ಮತ್ತು 2023ರಲ್ಲಿ ಭಾರತದಿಂದ ದೊಡ್ಡ ದಂಡೇ ತೆರಳಿತ್ತು. ಇದ್ಯಾವುದೂ ಫೆಡರೇಷನ್ನಿನ ಕೊಡುಗೆಯಲ್ಲ.

ಹೀಗೆ ಒಂದೇ ಕ್ರೀಡೆಯಲ್ಲಿ ಎರಡು ಲೋಕಗಳು ನಿರ್ಮಾಣವಾಗಿವೆ. ಪ್ರತಿಭೆ ಮತ್ತು ಹಸಿವು ಒಂದು ಕಡೆ, ಹಣ ಮತ್ತು ಸಂಘಟನಾ ಸಾಮರ್ಥ್ಯ ಮತ್ತೊಂದು ಕಡೆ. ಇವೆರಡನ್ನೂ ಬೆಸೆಯಬೇಕಾದದ್ದು ರಾಷ್ಟ್ರೀಯ ಸಂಸ್ಥೆಯ ಮೊದಲ ಕರ್ತವ್ಯ. ಅಲ್ಲಿಯೇ ಅದು ಎಡವಿದೆ.

ಸಾಧನೆಯೂ ಇದೆ

ಫೆಡರೇಷನ್ ಏನನ್ನೂ ಮಾಡಿಲ್ಲ ಎನ್ನುವುದು ಅನ್ಯಾಯವಾದೀತು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದಲ್ಲಿ ನಿರ್ಮಿಸಿದ ವೆಲೋಡ್ರೋಮ್ ಹಾಳು ಬೀಳಲಿಲ್ಲ. ಅಲ್ಲಿ ಕ್ರೀಡಾ ಪ್ರಾಧಿಕಾರದ ನೆರವಿನಿಂದ ತರಬೇತಾದ ಎಸೋ ಆಲ್ಬನ್ 2018ರ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದರು. 2019ರಲ್ಲಿ ಭಾರತದ ಕಿರಿಯರು ತಂಡ ಸ್ಪ್ರಿಂಟ್‌ನಲ್ಲಿ ವಿಶ್ವ ಚಾಂಪಿಯನ್ನರಾದರು. 2022ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಮಣಿಪುರದ ರೊನಾಲ್ಡೊ ಸಿಂಗ್ ಸ್ಪ್ರಿಂಟ್ ಬೆಳ್ಳಿ ಪಡೆದರು. ಸಣ್ಣ ಸಾಧನೆಗಳೇನಲ್ಲ ಇವು. ಆದರೆ ಇವೆಲ್ಲವೂ ಆಯ್ದ ಕೆಲವೇ ಮಂದಿಯನ್ನು ಒಂದು ಸೂರಿನಡಿ ಸಾಕಿ ಬೆಳೆಸಿದ ಫಲ. ರಸ್ತೆ ಸೈಕ್ಲಿಂಗ್‌ಗೆ ಬೇಕಾದದ್ದು ಅದಲ್ಲ. ಜಿಲ್ಲೆ ಜಿಲ್ಲೆಗಳಲ್ಲಿ ವರ್ಷವಿಡೀ ಸ್ಪರ್ಧೆಗಳು ಬೇಕು, ಪೊಲೀಸ್ ಬಂದೋಬಸ್ತ್ ಬೇಕು, ಕೈಗೆಟಕುವ ಸೈಕಲ್ ಬೇಕು. 2023ರ ಕೇಂದ್ರ ಬಜೆಟ್‌ನಲ್ಲಿ ಸೈಕಲ್‌ಗಳ ಆಮದು ಸುಂಕವನ್ನು ಶೇ 30ರಿಂದ 35ಕ್ಕೆ ಏರಿಸಿದಾಗ ಅದರ ಬಿಸಿ ತಟ್ಟಿದ್ದು ಸವಾರರಿಗೆ.

ಸ್ಲೊವೇನಿಯಾ ಕಲಿಸಿದ ಪಾಠ

ಕ್ರೀಡಾಪಟು ಮತ್ತು ಒಕ್ಕೂಟದ ನಡುವಿನ ಅಂತರ ಎಷ್ಟು ಅಪಾಯಕಾರಿ ಎಂಬುದು 2022ರ ಜೂನ್‌ನಲ್ಲಿ ಬಯಲಾಯಿತು. ಸ್ಲೊವೇನಿಯಾದ ತರಬೇತಿ ಶಿಬಿರಕ್ಕೆ ತೆರಳಿದ್ದ ತಂಡದ ಏಕೈಕ ಮಹಿಳಾ ಸೈಕ್ಲಿಸ್ಟ್, ಮುಖ್ಯ ತರಬೇತುದಾರರ ಅನುಚಿತ ವರ್ತನೆಯ ಬಗ್ಗೆ ಕ್ರೀಡಾ ಪ್ರಾಧಿಕಾರಕ್ಕೆ ದೂರು ನೀಡಿದರು. ಫೆಡರೇಷನ್ನಿನ ಶಿಫಾರಸಿನ ಮೇರೆಗೆ ನೇಮಕಗೊಂಡಿದ್ದ ಆ ತರಬೇತುದಾರರ ಗುತ್ತಿಗೆಯನ್ನು ಪ್ರಾಧಿಕಾರ ರದ್ದುಪಡಿಸಿತು, ತಂಡವನ್ನು ವಾಪಸು ಕರೆಸಲಾಯಿತು. ಮಹಿಳಾ ಕ್ರೀಡಾಪಟುಗಳಿರುವ ತಂಡದೊಂದಿಗೆ ಮಹಿಳಾ ತರಬೇತುದಾರರು ಇರಲೇಬೇಕು ಎಂಬ ಮಾರ್ಗಸೂಚಿ ಹೊರಬಿದ್ದದ್ದು ಆ ಬಳಿಕವೇ. ಇಷ್ಟು ಸರಳ ಎಚ್ಚರಿಕೆಯನ್ನು ವಹಿಸಲು ಒಬ್ಬ ಯುವತಿ ಪರದೇಶದಲ್ಲಿ ಒಂಟಿಯಾಗಿ ಅಷ್ಟು ಸಂಕಟ ಅನುಭವಿಸಬೇಕಾಯಿತೇ?

ಹೊರಗಿನ ಎರಡು ನಿದರ್ಶನಗಳು

ಅಮೆರಿಕದ ರಾಷ್ಟ್ರೀಯ ಸಂಸ್ಥೆ 2013ರಲ್ಲಿ ಮೇಲೆ ಹೇಳಿದ 1.2.019ನೇ ವಿಧಿಯನ್ನು ಬಿಗಿಯಾಗಿ ಜಾರಿಗೊಳಿಸಲು ಹೊರಟಾಗ ಅಲ್ಲಿನ ಮೌಂಟನ್ ಬೈಕ್ ಸವಾರರು ಸಿಡಿದೆದ್ದರು. ಒರೆಗಾನ್ ರಾಜ್ಯದಲ್ಲಂತೂ ಸವಾರರು ತಮ್ಮದೇ ಸಂಸ್ಥೆ ಕಟ್ಟಿಕೊಂಡು ಸ್ವತಂತ್ರವಾಗಿ ಸ್ಪರ್ಧೆಗಳನ್ನು ನಡೆಸುತ್ತಿದ್ದರು. ಒತ್ತಡಕ್ಕೆ ಮಣಿದು ಯುಸಿಐ ಆ ವರ್ಷ ನಿಯಮದ ಜಾರಿಯನ್ನು ಮುಂದೂಡಿತು. ಬ್ರಿಟನ್ನಿನಲ್ಲಿ 2022ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಸೈಕ್ಲಿಂಗ್ ಸಂಸ್ಥೆ ಶೆಲ್ ತೈಲ ಕಂಪನಿಯೊಂದಿಗೆ ಎಂಟು ವರ್ಷಗಳ ಒಪ್ಪಂದ ಪ್ರಕಟಿಸಿದಾಗ ಸದಸ್ಯರು ಬಹಿರಂಗವಾಗಿ ಪ್ರತಿಭಟಿಸಿದರು. 2023ರ ಜನವರಿಯಲ್ಲಿ ಅದರ ಮುಖ್ಯ ಕಾರ್ಯನಿರ್ವಾಹಕರು ಹುದ್ದೆ ತೊರೆದರು. ಒಪ್ಪಂದ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಸಾಮಾನ್ಯ ಸವಾರನು ಸಂಸ್ಥೆಯ ಸದಸ್ಯನಾಗಿರುವ ಕಡೆ ಅವನ ಅಸಮಾಧಾನವನ್ನು ಕಡೆಗಣಿಸುವುದು ಸುಲಭವಲ್ಲ ಎಂಬುದು ಇಲ್ಲಿ ಮುಖ್ಯ.

ಹೊಸ ಕಾಯ್ದೆಯಿಂದ ಏನಾದೀತು?

2025ರ ಕಾಯ್ದೆಯು ಒಕ್ಕೂಟಗಳ ಕಾರ್ಯಕಾರಿ ಸಮಿತಿಯಲ್ಲಿ ಶ್ರೇಷ್ಠ ಕ್ರೀಡಾಪಟುಗಳಿಗೆ ಮತ್ತು ಕನಿಷ್ಠ ನಾಲ್ವರು ಮಹಿಳೆಯರಿಗೆ ಸ್ಥಾನ ಕಲ್ಪಿಸಿದೆ. ಕ್ರೀಡಾಪಟುಗಳ ಸಮಿತಿ, ದೂರು ಪರಿಹಾರ ವ್ಯವಸ್ಥೆ, ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೂ ಅವಕಾಶವಿದೆ. ಸ್ವಾಗತಾರ್ಹ ಹೆಜ್ಜೆಯೇ ಸರಿ. ಆದರೆ ಮೇಲಿನ ಸಮಿತಿಯಲ್ಲಿ ಒಲಿಂಪಿಯನ್ ಒಬ್ಬರು ಕುಳಿತ ಮಾತ್ರಕ್ಕೆ ಜಮಖಂಡಿಯ ಹುಡುಗನ ಪ್ರಮಾಣಪತ್ರ ಸಕಾಲಕ್ಕೆ ಕೈಸೇರುತ್ತದೆಂಬ ಭರವಸೆಯಿಲ್ಲ. ಅವನ ವ್ಯವಹಾರವೆಲ್ಲ ಜಿಲ್ಲಾ ಮತ್ತು ರಾಜ್ಯ ಸಂಸ್ಥೆಗಳೊಂದಿಗೆ. ಸುಧಾರಣೆ ಅಲ್ಲಿಗೆ ಇಳಿಯಬೇಕು.

ಮಾಡಬೇಕಾದ ಕೆಲಸಗಳು ಗಹನವಾದವೇನಲ್ಲ. ಆಯ್ಕೆಯ ಮಾನದಂಡ ಮತ್ತು ಕಾಲಮಾಪನದ ಫಲಿತಾಂಶಗಳನ್ನು ಬಹಿರಂಗಪಡಿಸಬೇಕು. ಪ್ರಮಾಣಪತ್ರ ನೀಡಲು ಗಡುವು ಇರಬೇಕು. ಹವ್ಯಾಸಿ ಸಂಘಟಕರ ಸ್ಪರ್ಧೆಗಳನ್ನು ಸುರಕ್ಷತೆಯ ಷರತ್ತಿನೊಂದಿಗೆ ವೇಳಾಪಟ್ಟಿಗೆ ಸೇರಿಸಿಕೊಳ್ಳಬೇಕು. ಪರವಾನಗಿ ಹೊಂದಿದ ಪ್ರತಿಯೊಬ್ಬ ಸವಾರನಿಗೂ ಜಿಲ್ಲಾ ಸಂಸ್ಥೆಯಲ್ಲಿ ಮತದ ಹಕ್ಕು ದೊರೆಯಬೇಕು. ಇವುಗಳಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ಹಣ ಬೇಕಿಲ್ಲ. ಬೇಕಾದದ್ದು ಅಧಿಕಾರವನ್ನು ಹಂಚಿಕೊಳ್ಳುವ ಮನಸ್ಸು.

ಅದಾಗದಿದ್ದರೆ ನಗರದ ಸವಾರ ಒಕ್ಕೂಟವನ್ನು ಮರೆತು ತನ್ನ ಪಾಡಿಗೆ ತಾನು ಸಾಗುತ್ತಾನೆ. ಹಳ್ಳಿಯ ಸವಾರನಿಗೆ ಮಾತ್ರ ಆ ಸ್ವಾತಂತ್ರ್ಯವಿಲ್ಲ. ಅವನು ಸಹಿಗಾಗಿ ಕಾಯುತ್ತ ಕಚೇರಿಯ ಬಾಗಿಲಲ್ಲೇ ನಿಂತಿರುತ್ತಾನೆ.