ಮೂತ್ರಪಿಂಡದ ಗಂಟು: ತೆಗೆಯುವುದೆಷ್ಟು, ಉಳಿಸುವುದೆಷ್ಟು?

ಬೇರಾವುದೋ ತೊಂದರೆಗೆಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಮೂತ್ರಪಿಂಡದಲ್ಲಿ ಗಂಟು ಕಂಡುಬಂದರೆ ಮನೆಮಂದಿ ಕಂಗಾಲಾಗುವುದು ಸಹಜ. ಮೂತ್ರಪಿಂಡದ ಕ್ಯಾನ್ಸರ್ ಅನೇಕರಲ್ಲಿ ಹೀಗೆ ಅನಿರೀಕ್ಷಿತವಾಗಿಯೇ ಪತ್ತೆಯಾಗುತ್ತದೆ. ಆಗ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಎರಡು: ಗಂಟು ಪೂರ್ಣವಾಗಿ ಹೋಗುವುದೇ? ಉಳಿದ ಭಾಗ ಚೆನ್ನಾಗಿ ಕೆಲಸ ಮಾಡುವುದೇ?

ಪ್ರತಿ ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಕಳೆದುಹೋದವು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ 4 ಸೆಂಟಿಮೀಟರ್‌ಗಿಂತ ಚಿಕ್ಕ ಗಂಟಾದರೆ, ಸಾಧ್ಯವಿದ್ದಲ್ಲಿ ಗಂಟನ್ನು ಮಾತ್ರ ತೆಗೆದು ಮೂತ್ರಪಿಂಡವನ್ನು ಉಳಿಸುವುದೇ ಇಂದಿನ ಪದ್ಧತಿ. ಮಧುಮೇಹ, ರಕ್ತದೊತ್ತಡ ಇರುವವರಿಗೂ ಒಂದೇ ಮೂತ್ರಪಿಂಡ ಉಳ್ಳವರಿಗೂ ಇದು ಹೆಚ್ಚು ಅಗತ್ಯ.

ರೋಬೋಟ್ ತಾನಾಗಿ ಏನನ್ನೂ ಮಾಡದು. ಅದರ ಕೈಗಳನ್ನು ನಡೆಸುವವರು ಶಸ್ತ್ರವೈದ್ಯರೇ. ಗಂಟು ಕತ್ತರಿಸುವಾಗ ರಕ್ತಸ್ರಾವ ತಡೆಯಲು ಮೂತ್ರಪಿಂಡದ ಧಮನಿಯನ್ನು ಸ್ವಲ್ಪ ಹೊತ್ತು ಬಿಗಿಹಿಡಿಯುತ್ತಾರೆ. ರಕ್ತವಿಲ್ಲದೆ ಅಂಗಾಂಶ ಬಳಲುತ್ತದೆ. ಆದಕಾರಣ ಈ ಅವಧಿ 25–30 ನಿಮಿಷ ಮೀರದಂತೆ ನೋಡಿಕೊಳ್ಳುತ್ತಾರೆ. ಬೇಗನೆ ನಿಖರವಾಗಿ ಹೊಲಿಗೆ ಹಾಕಲು ಯಂತ್ರ ನೆರವಾಗುತ್ತದೆ. ಕೆಲವೊಮ್ಮೆ ಗಂಟಿಗೆ ಹೋಗುವ ಕವಲನ್ನಷ್ಟೇ ಬಿಗಿಹಿಡಿಯುವುದೂ ಉಂಟು. ಎಲ್ಲಕ್ಕಿಂತ ಮುಖ್ಯವಾದುವು ಎರಡು: ಮೊದಲೇ ಇದ್ದ ಕಾರ್ಯಶಕ್ತಿ, ಉಳಿಸಿದ ಆರೋಗ್ಯವಂತ ಭಾಗದ ಪ್ರಮಾಣ. ಗಂಟು ದೊಡ್ಡದಾಗಿದ್ದರೆ ಅಥವಾ ಮುಖ್ಯ ರಕ್ತನಾಳಕ್ಕೆ ಹಬ್ಬಿದ್ದರೆ ಇಡೀ ಮೂತ್ರಪಿಂಡ ತೆಗೆಯುವುದೇ ಕ್ಷೇಮವಾಗಬಹುದು. ರೋಬೋಟ್ ಇಲ್ಲದೆಯೂ, ತೆರೆದ ಶಸ್ತ್ರಚಿಕಿತ್ಸೆಯಿಂದಲೂ ಮೂತ್ರಪಿಂಡ ಉಳಿಸಬಹುದು; ಯಂತ್ರಕ್ಕಿಂತ ವೈದ್ಯರ ಅನುಭವವನ್ನು ವಿಚಾರಿಸಿರಿ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕುಟುಂಬಗಳು ಹೆಚ್ಚಿನ ಸಲಹೆಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೋ ಮಂಗಳೂರಿಗೋ ಹೋಗುವಾಗ ಸ್ಕ್ಯಾನಿಂಗ್ ಚಿತ್ರಗಳು, ಕ್ರಿಯಾಟಿನಿನ್ ಮತ್ತು ಮೂತ್ರಪರೀಕ್ಷೆಯ ವರದಿಗಳನ್ನು ಕೊಂಡೊಯ್ಯಬೇಕು. ಸೇವಿಸುತ್ತಿರುವ ನಾಟಿ ಔಷಧಿಗಳನ್ನೂ ನೋವಿನ ಮಾತ್ರೆಗಳನ್ನೂ ಮರೆಮಾಚಬಾರದು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ದುರ್ಬಲ ಮೂತ್ರಪಿಂಡಕ್ಕೆ ಹಾನಿಕರ.

ಶಸ್ತ್ರಚಿಕಿತ್ಸೆಯ ನಂತರ ರಕ್ತದೊತ್ತಡ, ಸಕ್ಕರೆಯ ಹತೋಟಿ, ತಂಬಾಕಿನ ವರ್ಜನೆ ಮತ್ತು ನಿಗದಿತ ತಪಾಸಣೆ ತಪ್ಪಬಾರದು. ಕಾರ್ಯಶಕ್ತಿ ಬಹಳ ಕುಗ್ಗಿದವರಿಗೆ ಎಳನೀರಿನಲ್ಲಿರುವ ಪೊಟ್ಯಾಸಿಯಂ ಅಪಾಯಕಾರಿಯಾಗಬಹುದು. ವೈದ್ಯರನ್ನು ಕೇಳಿಯೇ ಕೊಡಿರಿ.

ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ‘ಉಷ್ಣವಾಗಿದೆ’ ಎಂದು ಸುಮ್ಮನಿರಬೇಡಿ. ಗಂಟು ಚಿಕ್ಕದಿರುವಾಗಲೇ ಗೊತ್ತಾದರೆ ಮೂತ್ರಪಿಂಡವನ್ನೂ ಉಳಿಸಿಕೊಳ್ಳುವ ಅವಕಾಶ ಹೆಚ್ಚು. ಮನೆಯ ಹಿರಿಯರು ಸಂಕೋಚದಿಂದ ಹೇಳದಿದ್ದರೂ ಕಿರಿಯರು ಕೇಳಿ ತಿಳಿದುಕೊಳ್ಳಬೇಕು.