ಕಾವು ಹೇಂಟೆಯದು, ಕಾಪು ಊರಿನದು

ಗೌರಿಬಿದನೂರಿನ ಪೇಟೆಯಲ್ಲಾಗಲಿ, ಗಡಿಯಾಚೆಯ ಹಿಂದೂಪುರದಲ್ಲಾಗಲಿ, ಅಂಗಡಿಯ ಮುಂದೆ ಪೇರಿಸಿಟ್ಟ ಒಂದೊಂದು ಟ್ರೇಯಲ್ಲಿ 30 ಮೊಟ್ಟೆಗಳಿರುತ್ತವೆ. ಆ ಮೂವತ್ತರಲ್ಲಿ ಒಂದಕ್ಕೂ ಮರಿಯಾಗುವ ಶಕ್ತಿಯಿಲ್ಲ. ಹುಂಜದ ನೆರಳನ್ನೂ ಕಾಣದೆ ಪಂಜರದಲ್ಲಿ ಬೆಳೆದ ಕೋಳಿಗಳು ಇಟ್ಟ ಮೊಟ್ಟೆಗಳವು. ಹಿತ್ತಿಲಿನಲ್ಲಿ ಕೋಳಿ ಸಾಕಬೇಕೆಂದು ಮೊದಲ ಬಾರಿಗೆ ಹೊರಟವರಲ್ಲಿ ಕೆಲವರು ಈ ಮೊಟ್ಟೆಗಳನ್ನೇ ತಂದು ಕಾವಿಗಿಟ್ಟು, ಮೂರು ವಾರ ಕಾದು, ಕಡೆಗೆ ಕೊಳೆತವನ್ನು ತಿಪ್ಪೆಗೆ ಎಸೆಯುವುದುಂಟು. ಇದು ನಕ್ಕು ಬಿಡುವ ಸಂಗತಿಯಲ್ಲ. ತಿನ್ನುವ ಮೊಟ್ಟೆ ಬೇರೆ, ಬಿತ್ತನೆಯ ಮೊಟ್ಟೆ ಬೇರೆ ಎಂಬ ತಿಳಿವು ಹಳ್ಳಿಯ ಮನೆಗಳಿಂದಲೂ ಜಾರಿಹೋಗುತ್ತಿರುವುದರ ಕುರುಹು ಅದು.

ಆಂಧ್ರಪ್ರದೇಶದ ಗಡಿಗೆ ಸಮೀಪವಿರುವ ನಗರಗೆರೆ ಹೋಬಳಿ ಮಳೆಯನ್ನು ನಂಬಿದ ಸೀಮೆ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರು ತಾಲ್ಲೂಕನ್ನು ಹಾಯ್ದು ಹೋದರೂ ವರ್ಷದ ಬಹುಪಾಲು ಅದರ ಪಾತ್ರದಲ್ಲಿ ನೀರಿಗಿಂತ ಮರಳೇ ಹೆಚ್ಚು. ಇಂತಹ ನೆಲದಲ್ಲಿ ಜಮೀನಿಲ್ಲದವರೂ ಕೊಳವೆಬಾವಿ ಕೊರೆಸಲಾರದವರೂ ಸಾಕಬಹುದಾದ ಜೀವ ಕೋಳಿ. ಕಣದಲ್ಲಿ ಚೆಲ್ಲಿದ ರಾಗಿ, ತಿಪ್ಪೆಯ ಹುಳು, ಬೇಲಿಯ ಸೊಪ್ಪು, ಮುಸುರೆಯ ಅಗುಳು ಇವೇ ಅದರ ಮೇವು. ಮಗುವಿನ ಪುಸ್ತಕಕ್ಕೆ, ಆಸ್ಪತ್ರೆಯ ಖರ್ಚಿಗೆ, ಗ್ರಾಮದೇವತೆಯ ಹಬ್ಬಕ್ಕೆ ಮನೆಯ ಹೆಂಗಸು ಯಾರ ಮುಂದೆಯೂ ಕೈಚಾಚದೆ ಮಾರಬಹುದಾದ ಆಸ್ತಿಯೂ ಅದೇ. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದ 85 ಕೋಟಿ ಕೋಳಿ ಮೊದಲಾದ ಸಾಕುಹಕ್ಕಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಿಲಿನವು. ಹಿಂದಿನ ಗಣತಿಗೆ ಹೋಲಿಸಿದರೆ ಹಿತ್ತಿಲಿನ ಹಕ್ಕಿಗಳ ಸಂಖ್ಯೆ ಶೇಕಡಾ 45ಕ್ಕೂ ಹೆಚ್ಚು ಏರಿತ್ತು. ಹಿತ್ತಿಲ ಕೋಳಿಯ ಕಾಲ ಮುಗಿಯಿತೆನ್ನುವವರಿಗೆ ಈ ಅಂಕಿಯೇ ಉತ್ತರ. ಏರಿಕೆಯೆಂದರೆ ಹೊಸದಾಗಿ ಸಾಕುವವರೂ ಹೆಚ್ಚುತ್ತಿದ್ದಾರೆ ಎಂದೇ ಅರ್ಥ.

ಹೊಸಬರಿಗೆ ಇಂದು ಎರಡು ದಾರಿಗಳನ್ನು ತೋರಿಸಲಾಗುತ್ತದೆ. ಒಂದು, ಸುಧಾರಿತ ತಳಿಯ ಮರಿಗಳನ್ನು ಕೊಂಡು ತರುವುದು. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಅನಂತರ ಬಂದ ಸ್ವರ್ಣಧಾರ, ಹೈದರಾಬಾದಿನ ವನರಾಜ ಮುಂತಾದವು ಈ ಸಾಲಿನವು. ನಾಟಿ ಕೋಳಿಗಿಂತ ಇವು ಬೇಗ ತೂಗುತ್ತವೆ, ವರ್ಷಕ್ಕೆ ಅದರ ಎರಡು ಪಟ್ಟಿಗೂ ಮಿಗಿಲಾಗಿ ಮೊಟ್ಟೆಯಿಡುತ್ತವೆ. ಈ ಉಪಕಾರವನ್ನು ಅಲ್ಲಗಳೆಯುವುದು ಸಲ್ಲದು. ಆದರೆ ಹೆಚ್ಚು ಮೊಟ್ಟೆಗಾಗಿ ಆಯ್ದ ಕೋಳಿಗಳಲ್ಲಿ ಕಾವು ಕೂರುವ ಗುಣ ಬಹುಮಟ್ಟಿಗೆ ಅಳಿದಿರುತ್ತದೆ. ಕಾವು ಕೂತ ಹೇಂಟೆ ಮೊಟ್ಟೆಯಿಡುವುದಿಲ್ಲವಾದ್ದರಿಂದ ತಳಿ ಬೆಳೆಸುವವರ ಕಣ್ಣಿಗೆ ಅದು ದೋಷ. ಹಿತ್ತಿಲಿನವರ ಕಣ್ಣಿಗೆ ಅದೇ ಮುಖ್ಯ ಗುಣ. ಕಾವು ಕೂರದ ಕೋಳಿಯನ್ನು ಸಾಕಿದ ಮನೆ ಪ್ರತಿಸಲವೂ ಮರಿಗಾಗಿ ಹೊರಗಿನ ಕೇಂದ್ರದ ಬಾಗಿಲಿಗೆ ಹೋಗಬೇಕು. ಬಿತ್ತನೆಯ ಜೋಳಕ್ಕಾಗಿ ವರ್ಷವರ್ಷವೂ ಅಂಗಡಿಯ ಮುಂದೆ ನಿಂತ ರೈತನ ಸ್ಥಿತಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಎರಡನೆಯದು, ಮೊಟ್ಟೆಯೊಡೆಸುವ ಯಂತ್ರ. ಪೆಟ್ಟಿಗೆಯೊಳಗೆ 37.5 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಗಲಿರುಳೂ ಕದಲದೆ ನಿಲ್ಲಬೇಕು. ಮೊದಲ 18 ದಿನ ಮೊಟ್ಟೆಗಳನ್ನು ದಿನಕ್ಕೆ ಹಲವು ಬಾರಿ ಹೊರಳಿಸಬೇಕು, ಕಡೆಯ ಮೂರು ದಿನ ಹೊರಳಿಸುವುದನ್ನು ನಿಲ್ಲಿಸಿ ಒಳಗಿನ ತೇವವನ್ನು ಏರಿಸಬೇಕು. ವಿದ್ಯುತ್ತು ಗಂಟೆಗಟ್ಟಲೆ ಕೈಕೊಡುವ ಹಳ್ಳಿಯಲ್ಲಿ ಈ ಲೆಕ್ಕ ಒಂದು ರಾತ್ರಿ ತಪ್ಪಿದರೂ ಶ್ರಮವೆಲ್ಲ ವ್ಯರ್ಥ. ಯಂತ್ರ ಇಷ್ಟು ಕಷ್ಟಪಟ್ಟು ಮಾಡುವುದನ್ನು ನಾಟಿ ಹೇಂಟೆ ಯಾರ ಹಂಗೂ ಇಲ್ಲದೆ ಮಾಡುತ್ತದೆ. ಎದೆಯ ಪುಕ್ಕ ಉದುರಿದ ಬರಿಯ ಚರ್ಮದ ಬಿಸಿಯನ್ನು ಮೊಟ್ಟೆಗೆ ಕೊಡುತ್ತದೆ, ಕೊಕ್ಕಿನಿಂದ ತಾನೇ ಹೊರಳಿಸುತ್ತದೆ, ಒಡೆದ ಮೇಲೆ ಮರಿಯನ್ನು ರೆಕ್ಕೆಯಡಿ ಇಟ್ಟುಕೊಂಡು ಹದ್ದನ್ನೂ ಹಾವನ್ನೂ ಗುರುತಿಸಲು ಕಲಿಸುತ್ತದೆ. ಈ ಕಡೆಯ ಪಾಠವನ್ನು ಯಾವ ಯಂತ್ರವೂ ಹೇಳಿಕೊಡಲಾರದು.

ಆದ್ದರಿಂದ ಹೊಸಬರು ಹಿಡಿಯಬೇಕಾದ್ದು ಹಳ್ಳಿಗಳಲ್ಲಿ ಮೊದಲಿನಿಂದ ಇದ್ದ ಮೂರನೆಯ ದಾರಿಯನ್ನು. ನೆಂಟರ ಅಥವಾ ನೆರೆಯವರ ಮನೆಯಿಂದ ಒಂದು ಹೇಂಟೆಯನ್ನು ಪಾಲಿಗೆ ತರುವುದು, ಸಾಕಿ ಮರಿ ಮಾಡಿಸಿ ಮರಿಗಳಲ್ಲಿ ಅರ್ಧವನ್ನು ಒಡತಿಗೆ ಹಿಂದಿರುಗಿಸುವುದು. ಬಂಡವಾಳವಿಲ್ಲದೆ ಕೋಳಿಯೂ ಬರುತ್ತದೆ, ಅದರ ಜೊತೆಗೆ ಸಾಕುವ ವಿದ್ಯೆಯೂ ಬರುತ್ತದೆ. ತನ್ನ ಪಾಲಿನ ಮರಿ ಉಳಿಯಬೇಕೆಂಬ ಕಾಳಜಿಯಿಂದ ಒಡತಿಯೇ ಆಗಾಗ ಬಂದು ನೋಡಿ ತಿದ್ದುತ್ತಾಳೆ.

ಕಾವು ಕೂರಿಸುವ ವಿಧಾನದಲ್ಲಿ ಗುಟ್ಟೇನೂ ಇಲ್ಲ, ಶಿಸ್ತು ಮಾತ್ರ ಬೇಕು. ಹುಂಜದೊಡನೆ ಓಡಾಡಿದ ಹೇಂಟೆಯ, ಒಂದು ವಾರದೊಳಗಿನ, ಬಿರುಕಿಲ್ಲದ 10ರಿಂದ 12 ಮೊಟ್ಟೆಗಳು ಒಂದು ಕೋಳಿಗೆ ಸಾಕು. ಅವನ್ನು ತಂಪಾದ ಜಾಗದಲ್ಲಿ ಚೂಪು ತುದಿ ಕೆಳಗಾಗುವಂತೆ ಕೂಡಿಡಬೇಕು, ತೊಳೆಯಬಾರದು. ಮಂಕರಿಯ ತಳಕ್ಕೆ ಬೂದಿ ಬೆರೆಸಿದ ಮರಳು, ಅದರ ಮೇಲೆ ಒಣಹುಲ್ಲು, ಹೇನು ಬಾರದಂತೆ ಒಂದಿಷ್ಟು ಬೇವಿನ ಸೊಪ್ಪು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಕಬ್ಬಿಣದ ಚೂರನ್ನೋ ಇದ್ದಿಲನ್ನೋ ಇಡುವ ರೂಢಿ ಹಲವು ಮನೆಗಳಲ್ಲಿದೆ. ಅದರಿಂದ ಲಾಭವಿಲ್ಲದಿದ್ದರೂ ಹಾನಿಯಿಲ್ಲ. ಮಂಕರಿ ಇರುವುದು ಮಬ್ಬುಗತ್ತಲಿನ, ಜನ ಓಡಾಡದ ಮೂಲೆಯಲ್ಲಾಗಬೇಕು. ದಿನಕ್ಕೊಮ್ಮೆ ಹೇಂಟೆ ಎದ್ದು ಮೇದು, ನೀರು ಕುಡಿದು, ಮಣ್ಣಿನಲ್ಲಿ ಹೊರಳಿ ಬರಲು ಬಿಡಬೇಕು. ಏಳನೆಯ ರಾತ್ರಿ ಕತ್ತಲಲ್ಲಿ ಮೊಟ್ಟೆಯ ಹಿಂದೆ ಬ್ಯಾಟರಿ ಹಿಡಿದರೆ ಜೀವ ಕಟ್ಟಿದ ಮೊಟ್ಟೆಯೊಳಗೆ ಜೇಡನ ಕಾಲುಗಳಂತೆ ಕೆಂಪು ನರಗಳು ಕಾಣುತ್ತವೆ. ಏನೂ ಕಾಣದ ಗೊಡ್ಡು ಮೊಟ್ಟೆಗಳನ್ನು ತೆಗೆದುಬಿಡಬೇಕು. ಇಪ್ಪತ್ತೊಂದನೆಯ ದಿನ ಮರಿ ಚಿಪ್ಪನ್ನು ಕುಟ್ಟತೊಡಗಿದಾಗ ಕನಿಕರದಿಂದ ಚಿಪ್ಪು ಬಿಡಿಸಲು ಹೋಗುವುದು ಹೊಸಬರು ಮಾಡುವ ದೊಡ್ಡ ತಪ್ಪು. ಒಳಪೊರೆಯ ರಕ್ತನಾಳಗಳು ಬತ್ತುವ ಮೊದಲೇ ಅದನ್ನು ಹರಿದರೆ ಮರಿ ರಕ್ತ ಸೋರಿ ಸಾಯಬಹುದು.

ಹೊರಬಂದ ಮರಿಗೆ ಒಡನೆಯೇ ಮೇವಿನ ಅವಸರವಿಲ್ಲ. ಹೊಟ್ಟೆಯೊಳಗೆ ಎಳೆದುಕೊಂಡ ಭಂಡಾರ ಒಂದೆರಡು ದಿನ ಅದನ್ನು ಕಾಯುತ್ತದೆ. ಅನಂತರ ಆಳವಿಲ್ಲದ ತಟ್ಟೆಯಲ್ಲಿ ನೀರು, ಅಕ್ಕಿಯ ನುಚ್ಚು, ರಾಗಿ. ಬೆಳವಣಿಗೆಗೆ ಬೇಕಾದ ಸಸಾರಜನಕ ಕಾಳಿನಿಂದಲೇ ಪೂರೈಸದು. ಸಗಣಿ, ಹಳೆಯ ಗೋಣಿಚೀಲದ ತುಂಡು, ಒಣಕಡ್ಡಿಗಳನ್ನು ನೆನೆಸಿ ಮಡಕೆಗೆ ತುಂಬಿ ಹುತ್ತದ ಬಳಿ ರಾತ್ರಿ ಕವುಚಿಟ್ಟರೆ ಬೆಳಿಗ್ಗೆ ಗೆದ್ದಲು ತುಂಬಿರುತ್ತದೆ. ರೇಷ್ಮೆಯ ಊರಾದ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳುವೂ ಕೋಳಿಗೆ ಸತ್ವಪೂರ್ಣ ಮೇವೇ, ಹಳಸಿ ನಾರದಂತೆ ಒಣಗಿಸಿಕೊಂಡಿರಬೇಕು ಅಷ್ಟೆ. ಮೊದಲ ಕೆಲವು ವಾರ ಮರಿಗಳನ್ನು ತಾಯಿಯೊಡನೆ ಬುಟ್ಟಿಯಡಿಯಲ್ಲೋ ಬಲೆಯೊಳಗೋ ಇರಿಸಿದರೆ ಹದ್ದು, ಕಾಗೆ, ಮುಂಗುಸಿಗಳ ಪಾಲು ಕಡಿಮೆಯಾಗುತ್ತದೆ. ಔಷಧಿ ಹೊಡೆದ ಟೊಮೆಟೊ ತೋಟ ಈ ಎಲ್ಲಕ್ಕಿಂತ ದೊಡ್ಡ ಶತ್ರು. ವಿಷವುಂಡ ಹುಳುವನ್ನು ತಿಂದ ಮರಿ ಉಳಿಯುವುದು ಕಷ್ಟ.

ಇಲ್ಲಿಯವರೆಗಿನದೆಲ್ಲ ಒಂದು ಮನೆ ತಾನಾಗಿ ಮಾಡಬಹುದಾದ ಕೆಲಸ. ಇದರಾಚೆ ಇರುವುದು ಒಂದು ಮನೆಯಿಂದ ಆಗದ ಕೆಲಸ. ಹಿತ್ತಿಲಿನ ಕೋಳಿಸಾಕಣೆ ಸೋಲುವುದೂ ಬಹುಮಟ್ಟಿಗೆ ಅಲ್ಲಿಯೇ.

ಹಳ್ಳಿಯವರು ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ರೋಗಕ್ಕೆ ಆ ಹೆಸರು ಬಂದದ್ದು ಕುಮಾವೂಂ ಬೆಟ್ಟಗಳ ರಾಣಿಖೇತ್ ಊರಿನಿಂದ. 1920ರ ದಶಕದ ಕೊನೆಯಲ್ಲಿ ಭಾರತದಲ್ಲಿ ಅದನ್ನು ಗುರುತಿಸಿದ್ದು ಅಲ್ಲಿ. ಹಸಿರು ಬೇಧಿ, ಏದುಸಿರು, ತಿರುಚಿದ ಕತ್ತು, ಮೂರು ನಾಲ್ಕು ದಿನಗಳಲ್ಲಿ ಗೂಡು ಬರಿದು. ಇದಕ್ಕೆ ಔಷಧವಿಲ್ಲ, ಆದರೆ ಚೆನ್ನಾಗಿ ಕೆಲಸ ಮಾಡುವ ಲಸಿಕೆಯಿದೆ. ಮರಿಗೆ ಒಂದು ವಾರವಾಗುವಾಗ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕು ವಾರಕ್ಕೆ ಮತ್ತೊಮ್ಮೆ, ಎಂಟು ವಾರಕ್ಕೆ ರೆಕ್ಕೆಯಡಿ ಸೂಜಿಮದ್ದು. ಲಸಿಕೆಗಳನ್ನು ತಯಾರಿಸುವ ಸರ್ಕಾರಿ ಸಂಸ್ಥೆ ನಗರಗೆರೆಯಿಂದ ದೂರವೇನೂ ಅಲ್ಲದ ಹೆಬ್ಬಾಳದಲ್ಲಿಯೇ ಇದೆ. ಹೀಗಿದ್ದೂ ಹಿತ್ತಿಲ ಕೋಳಿ ಬೇಸಿಗೆ ಬಂತೆಂದರೆ ಸಾಲುಸಾಲಾಗಿ ಸಾಯುತ್ತದೆ.

ಕಾರಣ ಅಜ್ಞಾನವೊಂದೇ ಅಲ್ಲ. ಲಸಿಕೆ ಬರುವುದು ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಾಗುವ ಸೀಸೆಯಲ್ಲಿ. ಅದನ್ನು ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಗಂಟೆ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಮರಿಗಳಿರುವ ಮನೆಗೆ ಈ ಸೀಸೆಯಿಂದ ಏನಾಗಬೇಕು? ಸಾವಿರಾರು ಕೋಳಿಗಳ ಶೆಡ್ಡಿನ ಅಳತೆಗೆ ಕಟ್ಟಿದ ವ್ಯವಸ್ಥೆಯೊಳಗೆ ಐದು ಕೋಳಿಯ ಮನೆ ಹೊಂದುವುದಿಲ್ಲ. ಒಂದೊಂದು ಮನೆಯಲ್ಲಿ ಒಂದೊಂದು ಕಾಲಕ್ಕೆ ಮರಿಯೊಡೆಯುವುದರಿಂದ ಊರಿನ ಮರಿಗಳ ವಯಸ್ಸೂ ಕೂಡುವುದಿಲ್ಲ.

ಪರಿಹಾರವೂ ಊರಿನೊಳಗೇ ಇದೆ. ಮೊಟ್ಟೆಯನ್ನು ಒಂದು ವಾರ ಕೂಡಿಡಬಹುದಾದ್ದರಿಂದ ಒಂದು ಬೀದಿಯ ಎಂಟು ಹತ್ತು ಮನೆಗಳು ಮಾತನಾಡಿಕೊಂಡು ಒಂದೇ ವಾರದಲ್ಲಿ ಹೇಂಟೆಗಳನ್ನು ಕಾವಿಗೆ ಕೂರಿಸಿದರೆ, ಮರಿಗಳೆಲ್ಲ ಒಟ್ಟಿಗೆ ಒಡೆದು, ಏಳನೆಯ ದಿನಕ್ಕೆ ಒಟ್ಟಿಗೆ ಬರುತ್ತವೆ. ಒಂದು ಸೀಸೆ ಒಂದು ಬೆಳಗಿನಲ್ಲಿ ಸದುಪಯೋಗವಾಗುತ್ತದೆ. ರಾಗಿಯ ಕೊಯ್ಲು ಮುಗಿದು ಕಣದಲ್ಲಿ ಕಾಳು ಚೆಲ್ಲಿರುವ ಡಿಸೆಂಬರ್ ಸುಮಾರು ಇದಕ್ಕೆ ತಕ್ಕ ಕಾಲ. ಬೇಸಿಗೆಯ ರೋಗ ಬರುವಷ್ಟರಲ್ಲಿ ಮೂರೂ ಲಸಿಕೆ ಮುಗಿದಿರುತ್ತವೆ. ಸ್ತ್ರೀಶಕ್ತಿ ಸಂಘವೋ ಸಂಜೀವಿನಿ ಒಕ್ಕೂಟದ ಪಶು ಸಖಿಯೋ ದಿನ ಗೊತ್ತುಮಾಡಿದರೆ, ಪಶುವೈದ್ಯ ಕೇಂದ್ರದಿಂದ ಒಂದು ಥರ್ಮಾಸಿನಲ್ಲಿ ಸೀಸೆ ಬಂದರೆ ಕೆಲಸವಾಯಿತು. ಇದಕ್ಕೆ ಹೊಸ ಕಟ್ಟಡವಾಗಲಿ ಹೊಸ ಯೋಜನೆಯಾಗಲಿ ಬೇಕಿಲ್ಲ.

ಊರು ಒಟ್ಟಾಗಬೇಕಾದ್ದಕ್ಕೆ ಇನ್ನೊಂದು, ಇನ್ನೂ ಗಂಭೀರವಾದ ಕಾರಣವಿದೆ. 2025ರ ಫೆಬ್ರವರಿ ಕೊನೆಯ ವೇಳೆಗೆ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಮನೆಯಲ್ಲಿ ಸಾಕಿದ ಕೋಳಿಗಳು ಸತ್ತು, ಅದು ಹಕ್ಕಿಜ್ವರವೆಂದು ದೃಢಪಟ್ಟಿತು. ಇಂತಹ ಸಂದರ್ಭಕ್ಕೆಂದು ಇರುವ ನಿಯಮದಂತೆ ರೋಗ ಕಂಡ ಸ್ಥಳದ ಸುತ್ತ ಒಂದು ಕಿಲೋಮೀಟರಿನೊಳಗಿನ ಕೋಳಿಗಳನ್ನು ಕೊಲ್ಲಲಾಗುತ್ತದೆ, ಹತ್ತು ಕಿಲೋಮೀಟರಿನವರೆಗೆ ನಿಗಾ ಇಡಲಾಗುತ್ತದೆ. ರಾಣಿಖೇತ್ ಲಸಿಕೆ ಹಕ್ಕಿಜ್ವರವನ್ನು ತಡೆಯದು. ಹೀಗಾಗಿ ಹಿತ್ತಿಲ ಕೋಳಿಯೇ ರೋಗದ ಮೂಲವೆಂಬ ಮಾತು ಸುಲಭವಾಗಿ ಹಬ್ಬುತ್ತದೆ. ಆದರೆ 2006ರಲ್ಲಿ ಈ ರೋಗ ದೇಶದಲ್ಲಿ ಮೊದಲು ಕಂಡದ್ದು ಮಹಾರಾಷ್ಟ್ರದ ನವಾಪುರದ ದೊಡ್ಡ ಫಾರಂಗಳಲ್ಲಿ. 2012ರಲ್ಲಿ ಬೆಂಗಳೂರಿನ ಬಳಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯೇ ಅದಕ್ಕೆ ತುತ್ತಾಯಿತು. ವೈರಾಣು ಗೋಡೆಯ ಎತ್ತರವನ್ನು ನೋಡಿ ಬರುವುದಿಲ್ಲ.

ಹಾಗೆಂದು ಹಿತ್ತಿಲಿನವರ ಹೊಣೆ ತಪ್ಪದು. ಒಮ್ಮೆಲೇ ಹಲವು ಕೋಳಿಗಳು ಸತ್ತಾಗ ಉಳಿದವನ್ನು ಅವಸರದಿಂದ ಸಂತೆಗೆ ಸಾಗಿಸುವುದು, ಸತ್ತವನ್ನು ಕೆರೆಯಂಚಿಗೆ ಎಸೆಯುವುದು ಊರೂರಿಗೂ ರೋಗ ಹಂಚಿದಂತೆ. ಗಡಿಯ ಎರಡೂ ಕಡೆಯ ಸಂತೆಗಳಿಗೆ ಕೋಳಿ ಹೋಗಿಬರುವ ನಗರಗೆರೆಯಂತಹ ಸೀಮೆಯಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟದೆ, ಮಕ್ಕಳನ್ನು ದೂರವಿರಿಸಿ, ಕೂಡಲೇ ಪಶುವೈದ್ಯರಿಗೆ ತಿಳಿಸುವುದೇ ಸರಿ. ಸರ್ಕಾರ ಕೊಲ್ಲಿಸಿದ ಕೋಳಿಗೆ ಪರಿಹಾರವಿದೆ, ಅದಕ್ಕೆ ಮೊದಲೇ ಸತ್ತ ಕೋಳಿಗೆ ಇಲ್ಲ. ಬೇಗ ಹೇಳಿದವರಿಗೇ ನಷ್ಟ ಕಡಿಮೆ ಎಂಬುದನ್ನು ಹಳ್ಳಿಹಳ್ಳಿಗೂ ಮುಟ್ಟಿಸಬೇಕಾದ್ದು ಇಲಾಖೆಯ ಕರ್ತವ್ಯ. ಪರಿಹಾರ ಕೈಗೆ ತಡವಾಗಿ ಸೇರಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ ಎಂಬುದನ್ನು ಇಲಾಖೆಯೂ ಅರಿಯಬೇಕು.

2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್ ಗ್ರಾಮೀಣ ಕೋಳಿಸಾಕಣೆಗೆಂದು ಕೊಡುವ 25 ಲಕ್ಷ ರೂಪಾಯಿವರೆಗಿನ ಸಹಾಯಧನದ ಬಾಗಿಲು ತೆರೆಯುವುದು ಸಾವಿರ ಹೇಂಟೆಗಳ ಘಟಕಕ್ಕೆ. ಐದು ಹೇಂಟೆಗಳ ಮನೆ ಸಹಾಯಧನವನ್ನು ಕೇಳುತ್ತಲೂ ಇಲ್ಲ. ಅದಕ್ಕೆ ಬೇಕಾದ್ದು ಸರಿಯಾದ ದಿನಕ್ಕೆ ಒಂದು ಹನಿ ಲಸಿಕೆ, ಕಷ್ಟ ಬಂದಾಗ ಹೇಳಿಕೊಳ್ಳಲು ಒಬ್ಬ ಪಶುವೈದ್ಯ, ಮತ್ತು ಕಾವು ಕೂರುವ ನಾಟಿ ಹೇಂಟೆ ಹಳ್ಳಿಯಲ್ಲಿ ಅಳಿಯದಂತೆ ನೋಡಿಕೊಳ್ಳುವ ವಿವೇಕ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಗಳೊಡನೆ ಊರಿನ ಕೋಳಿಗೆ ಲಸಿಕೆ ಹಾಕುವ ದಿನವನ್ನೂ ಬರೆಸಲು ಯಾವ ಅಡ್ಡಿಯೂ ಇಲ್ಲ.

ಮುಂದಿನ ರಾಗಿ ಕೊಯ್ಲಿನ ಹೊತ್ತಿಗೆ ಒಂದು ಬೀದಿಯವರಾದರೂ ಒಂದೇ ವಾರದಲ್ಲಿ ಮಂಕರಿ ಹೊಂದಿಸಲಿ. ಇಪ್ಪತ್ತೊಂದು ದಿನದ ಕೆಲಸವನ್ನು ಹೇಂಟೆ ನೋಡಿಕೊಳ್ಳುತ್ತದೆ. ಇಪ್ಪತ್ತೆಂಟನೆಯ ದಿನದ ಬೆಳಿಗ್ಗೆ ಆ ಬೀದಿಗೆ ಸೀಸೆ ಬರುವಂತೆ ನೋಡಿಕೊಳ್ಳುವುದು ಊರಿನ ಕೆಲಸ.