ವಕೀಲಿ ಓದಿನ ಜೊತೆಗೆ ಲೋಕದ ಓದು

ಪ್ಲಸ್ ಟು ಫಲಿತಾಂಶ ಬರುವ ಹೊತ್ತಿಗೆ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಒಂದೇ ತೆರನದು. ಇಂಜಿನಿಯರಿಂಗೋ, ನರ್ಸಿಂಗೋ, ಬಿ.ಕಾಂ. ಮುಗಿಸಿ ಕೊಲ್ಲಿ ನಾಡಿಗೋ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕಾನೂನು ಕಲಿಯುತ್ತೇನೆಂದು ಮಗಳು ಬಾಯಿ ತೆರೆದರೆ, ಕೋರ್ಟಿಗೆ ಹೋದವರಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಜಗಲಿಯಿಂದ ಕೇಳಿಬರುತ್ತದೆ. ಕಾನೂನಿನ ಜೊತೆಗೆ ಅಂತಾರಾಷ್ಟ್ರೀಯ ವಿಷಯಗಳನ್ನೂ ಓದುವೆನೆಂದರಂತೂ, ಅದು ದೊಡ್ಡವರ ಮಕ್ಕಳ ಓದು, ನಮಗೇಕೆ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ.

ಈ ಉತ್ತರ ಸರಿಯಲ್ಲವೆಂದು ನಾವು ತಿಳಿಯುತ್ತೇವೆ. ಕಾಸರಗೋಡಿನ ಕನ್ನಡಿಗರಿಗೆ ಇಂದು ಬೇಕಾಗಿರುವ ಓದುಗಳಲ್ಲಿ ಇದೂ ಒಂದು. ಅದಕ್ಕೆ ಸಾಕ್ಷಿ ನಮ್ಮ ಅಂಗಳದಲ್ಲೇ ಇದೆ.

ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮೀಜಿಯವರು ಮಠದ ಭೂಮಿಯ ಪ್ರಶ್ನೆ ಹಿಡಿದು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ಮಂದಿ ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ 1973ರ ಎಪ್ರಿಲ್ 24ರಂದು ತೀರ್ಪಿತ್ತರು. ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು ಎಂಬ ತತ್ವ 7-6ರ ಬಹುಮತದಿಂದ ಸ್ಥಿರವಾಯಿತು. ಮಠಕ್ಕೆ ಭೂಮಿ ದಕ್ಕಲಿಲ್ಲ. ದೇಶಕ್ಕೆ ತತ್ವ ದಕ್ಕಿತು.

ಇಷ್ಟನ್ನು ನಾವೆಲ್ಲ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಈ ವಿಚಾರ ಬೆಳೆದು ಬಂದ ದಾರಿಯನ್ನು ನೋಡಬೇಕು. ಹಿಟ್ಲರನ ಕಾಲದ ಕಹಿಯುಂಡ ಜರ್ಮನರು 1949ರ ತಮ್ಮ ಮೂಲಶಾಸನದ 79ನೇ ವಿಧಿಯಲ್ಲಿ, ಕೆಲವು ತತ್ವಗಳನ್ನು ಯಾವ ತಿದ್ದುಪಡಿಯೂ ಮುಟ್ಟಬಾರದೆಂದು ಬರೆದಿಟ್ಟರು. ಡೀಟ್ರಿಷ್ ಕಾನ್ರಾಡ್ ಎಂಬ ಜರ್ಮನ್ ವಿದ್ವಾಂಸರು 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ತಿದ್ದುಪಡಿಯ ಅಧಿಕಾರಕ್ಕಿರುವ ಮಿತಿಗಳ ಕುರಿತು ಉಪನ್ಯಾಸ ಕೊಟ್ಟರು. ಹಿಂದೆ ಮಂಗಳೂರಿನಲ್ಲಿ ವಕೀಲಿ ನಡೆಸಿದ್ದ ಎಂ. ಕೆ. ನಂಬ್ಯಾರರು ಗೋಲಕನಾಥ ಮೊಕದ್ದಮೆಯಲ್ಲಿ ಆ ವಿಚಾರವನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟರು. ಎಡನೀರಿನ ಮೊಕದ್ದಮೆಯಲ್ಲಿ ಅದು ಫಲ ಕೊಟ್ಟಿತು. 1989ರಲ್ಲಿ ಬಾಂಗ್ಲಾದೇಶದ ಸುಪ್ರೀಂ ಕೋರ್ಟು ಅದನ್ನೇ ಸ್ವೀಕರಿಸಿತು. ಪರದೇಶದ ಸಂವಿಧಾನವನ್ನು ಓದಿದ ವಕೀಲರಿಲ್ಲದಿದ್ದರೆ ಈ ವಾದ ಇಷ್ಟು ಗಟ್ಟಿಯಾಗುತ್ತಿತ್ತೇ?

ಇದು ಸ್ವಾಮೀಜಿಗಳ ಮಾತಾಯಿತು, ಬಡವರಿಗೇನು ಎನ್ನುವವರು ಎಣ್ಮಕಜೆಯ ಕಡೆ ನೋಡಲಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಎರಡು ದಶಕಗಳಿಗೂ ಹೆಚ್ಚು ಕಾಲ. ಅದು ನಿಂತದ್ದು 2000ದ ಹೊತ್ತಿಗೆ. 2011ರ ಎಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಈ ವಿಷವನ್ನು ನಿಷೇಧಿತ ಪಟ್ಟಿಗೆ ಸೇರಿಸಿದವು. ಮೊದಲು ವಿರೋಧಿಸಿದ್ದ ಭಾರತವೂ ಕೆಲವು ವಿನಾಯಿತಿಗಳೊಂದಿಗೆ ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿತು. ಆ ಹಣಕ್ಕಾಗಿಯೂ ಮತ್ತೆ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. 2022ರಲ್ಲಿ ನ್ಯಾಯಾಲಯ ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು.

ಜಿನೀವಾದ ಸಭೆಯ ಭಾಷೆಯೂ ದಿಲ್ಲಿಯ ಕೋರ್ಟಿನ ಭಾಷೆಯೂ ಹಾಸಿಗೆ ಹಿಡಿದ ಮಗುವಿನ ತಾಯಿಗೆ ತಿಳಿಯುವುದಿಲ್ಲ. ಅವೆರಡನ್ನೂ ಬಲ್ಲ, ಅವಳ ಭಾಷೆಯಲ್ಲೇ ಅವಳೊಡನೆ ಮಾತಾಡಬಲ್ಲ ವಕೀಲರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ನಮ್ಮ ಅಡಿಕೆಯ ಬೆಲೆಯೂ ಕೇವಲ ಮಂಗಳೂರಿನ ಮಂಡಿಯಲ್ಲಿ ನಿರ್ಧಾರವಾಗುವುದಿಲ್ಲ. ನೆರೆದೇಶಗಳೊಡನೆ ಮಾಡಿಕೊಂಡ ವ್ಯಾಪಾರ ಒಪ್ಪಂದಗಳಿಗೂ ಅದಕ್ಕೂ ಸಂಬಂಧವಿದೆ. ಕೇಂದ್ರ ಸರಕಾರವು 2023ರಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದನ್ನು ಕೃಷಿಕರು ಮರೆತಿರಲಾರರು.

ಇನ್ನು ಭಾಷೆಯ ಪ್ರಶ್ನೆ. ಸಂವಿಧಾನದ 29 ಮತ್ತು 30ನೇ ವಿಧಿಗಳೂ, 1956ರಲ್ಲಿ ಸೇರಿದ 350 ಎ ಮತ್ತು 350 ಬಿ ವಿಧಿಗಳೂ ನಮಗೆ ಆಧಾರ. ಇವುಗಳ ಬೆನ್ನಿಗೆ ಇನ್ನೊಂದು ಪತ್ರವೂ ಇದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ 27ನೇ ವಿಧಿಯು, ಅಲ್ಪಸಂಖ್ಯಾತರಿಗೆ ತಮ್ಮವರೊಡನೆ ತಮ್ಮ ಭಾಷೆಯನ್ನು ಬಳಸುವ ಹಕ್ಕನ್ನು ನಿರಾಕರಿಸಬಾರದೆನ್ನುತ್ತದೆ. ಭಾರತವು 1979ರಲ್ಲಿ ಇದಕ್ಕೆ ಸೇರಿತು. ಇಂಥ ಒಡಂಬಡಿಕೆಗಳು ಬರೇ ಕಾಗದವಲ್ಲ. 1997ರ ವಿಶಾಖಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮಹಿಳೆಯರ ಕುರಿತಾದ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಆಧರಿಸಿಯೇ ನಮ್ಮ ಕಾನೂನಿನ ಕೊರತೆಯನ್ನು ತುಂಬಿತು. 2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಶಾಸನ ಬಂದಾಗ ನಮ್ಮವರು ಬೀದಿಗಿಳಿದರು. ಅದು ಬೇಕಿತ್ತು. ಆದರೆ ಘೋಷಣೆ ಕೂಗುವ ನೂರು ಕಂಠಗಳ ಜೊತೆಗೆ ಅರ್ಜಿಯ ಕರಡು ಬರೆಯುವ ನಾಲ್ಕು ಕೈಗಳೂ ಬೇಕು.

ಈ ಓದು ಎಂಥದು? ಆಸ್ಟ್ರೇಲಿಯದ ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ಕಾನೂನು ಮತ್ತು ಅಂತಾರಾಷ್ಟ್ರೀಯ ಅಧ್ಯಯನದ ಎರಡು ಪದವಿಗಳನ್ನು ಜೊತೆಯಾಗಿ ಕೊಡುತ್ತಾರೆ. ನಮ್ಮ ದೇಶದಲ್ಲಿ ಇದರ ಸಮೀಪದ್ದೆಂದರೆ ಐದು ವರ್ಷದ ಬಿ.ಎ., ಎಲ್ಎಲ್.ಬಿ. ಇದಕ್ಕೆ ಹೊಸ ಮಾದರಿ ಹಾಕಿಕೊಟ್ಟದ್ದು 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ. ಅದನ್ನು ಕಟ್ಟಿದವರು ಕೇರಳೀಯರಾದ ಡಾ. ಎನ್. ಆರ್. ಮಾಧವ ಮೆನನ್ ಎಂಬುದನ್ನು ಗಡಿಯ ಎರಡೂ ಕಡೆಯವರು ನೆನಪಿಡುವುದು ಒಳ್ಳೆಯದು. ಬಿ.ಎ. ಪಾಲಿಗೆ ರಾಜ್ಯಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರಗಳು. ಕಾನೂನಿನ ಪಾಲಿಗೆ ಅಂತಾರಾಷ್ಟ್ರೀಯ ಕಾನೂನೂ ಕಡ್ಡಾಯ. ಬಳಿಕ ಆಸಕ್ತಿಯಿದ್ದವರಿಗೆ ಅಂತಾರಾಷ್ಟ್ರೀಯ ಸಂಬಂಧಗಳ ಎಂ.ಎ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲೇ ಇದೆ.

ಅಡ್ಡಿಗಳಿಲ್ಲವೆಂದು ನಾವು ಹೇಳುವುದಿಲ್ಲ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾನಿಲಯಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ ಇಂಗ್ಲಿಷಿನಲ್ಲಿ ನಡೆಯುತ್ತದೆ. ಎರಡು ಗಂಟೆಯಲ್ಲಿ 120 ಪ್ರಶ್ನೆ. ಕನ್ನಡ ಮಾಧ್ಯಮದ ಮಕ್ಕಳು ಅಲ್ಲೇ ಎಡವುತ್ತಾರೆ. ಪ್ರಾದೇಶಿಕ ಭಾಷೆಗಳಲ್ಲೂ ನಡೆಯಬೇಕೆಂದು 2023ರಲ್ಲಿ ದಿಲ್ಲಿ ಹೈಕೋರ್ಟಿಗೆ ಅರ್ಜಿ ಹೋಗಿತ್ತು. ಅಲ್ಲಿಯ ಶುಲ್ಕವೂ ವರ್ಷಕ್ಕೆ ಲಕ್ಷಗಳ ಲೆಕ್ಕ. ಆದರೆ ಅದೊಂದೇ ಬಾಗಿಲಲ್ಲ. ಕೋಝಿಕ್ಕೋಡಿನ ಸರಕಾರಿ ಕಾನೂನು ಕಾಲೇಜೂ ಇದೆ, ಮಂಗಳೂರೂ ದೂರವಿಲ್ಲ. ವಿದೇಶದಲ್ಲೇ ಕಾನೂನು ಕಲಿಯಲು ಸಾಲಕ್ಕೆ ಕೈಯೊಡ್ಡುವವರು ಒಂದನ್ನು ತಿಳಿದಿರಲಿ: ಆ ಪದವಿ ಬಾರ್ ಕೌನ್ಸಿಲಿನ ಮಾನ್ಯತೆ ಪಡೆದಿರಬೇಕು, ಜೊತೆಗೆ ಇಲ್ಲಿ ಅರ್ಹತಾ ಪರೀಕ್ಷೆಯನ್ನೂ ಬರೆಯಬೇಕು. ಅಂತಾರಾಷ್ಟ್ರೀಯ ಎಂಬ ದೊಡ್ಡ ಹೆಸರಿಗೆ ಮರುಳಾಗದೆ ಮೊದಲು ಕಾನೂನನ್ನು ಗಟ್ಟಿಯಾಗಿ ಕಲಿಯುವುದೇ ಕ್ಷೇಮ.

ನಮ್ಮ ಮಕ್ಕಳಲ್ಲಿ ಇನ್ನೊಂದು ಬಂಡವಾಳವಿದೆ. ಆಸ್ಟ್ರೇಲಿಯದ ಆ ವಿದ್ಯಾರ್ಥಿಗಳಲ್ಲಿ ಹಲವರು ಪರಭಾಷೆಯೊಂದನ್ನು ಕಲಿಯಲು ಪರನಾಡಿಗೆ ಹೋಗಿ ಇರಬೇಕಾಗುತ್ತದೆ. ಇಲ್ಲಿಯ ಮಗು ಮನೆಯಲ್ಲಿ ತುಳುವನ್ನೋ ಹವ್ಯಕವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಬಸ್ಸಿನಲ್ಲೂ ಕಚೇರಿಯಲ್ಲೂ ಮಲಯಾಳದಲ್ಲಿ ವ್ಯವಹರಿಸುತ್ತದೆ. ಬೇರೆ ಭಾಷೆಯ ಬಹುಸಂಖ್ಯಾತರ ನಡುವೆ ಸ್ನೇಹದಿಂದಲೂ ಸ್ವಾಭಿಮಾನದಿಂದಲೂ ಬಾಳುವುದು ಹೇಗೆಂಬುದು ಅದಕ್ಕೆ ಪುಸ್ತಕದ ಪಾಠವಲ್ಲ.

ಆದುದರಿಂದ ನಮ್ಮ ಸಲಹೆ ಇಷ್ಟು. ಪ್ಲಸ್ ವನ್ ತರಗತಿಯಲ್ಲೇ ಇಂಥ ಮಕ್ಕಳನ್ನು ಅಧ್ಯಾಪಕರು ಗುರುತಿಸಲಿ. ಕ್ಲ್ಯಾಟ್ ನಡೆಯುವುದು ಡಿಸೆಂಬರದಲ್ಲಾದ್ದರಿಂದ ಪ್ಲಸ್ ಟು ಫಲಿತಾಂಶದ ಬಳಿಕ ಎಚ್ಚೆತ್ತರೆ ತಡವಾಗುತ್ತದೆ. ಊರಿನ ವಕೀಲರು ತಿಂಗಳಿಗೊಂದು ಆದಿತ್ಯವಾರವನ್ನು ಅವರಿಗೆ ಕೊಡಲಿ. ನಮ್ಮ ಸಂಘಗಳು ಶಾಲು ಹಾರಗಳ ಖರ್ಚಿನಲ್ಲಿ ಒಂದು ಪಾಲು ಉಳಿಸಿ ವರ್ಷಕ್ಕೆ ಒಬ್ಬ ವಿದ್ಯಾರ್ಥಿಯ ಶುಲ್ಕವನ್ನಾದರೂ ವಹಿಸಲಿ. ನೆರವು ಪಡೆದವರು ಓದು ಮುಗಿಸಿ ಕೆಲವು ವರ್ಷ ಕಾಸರಗೋಡಿನ ಕೋರ್ಟಿನಲ್ಲಿ ನಿಲ್ಲಲಿ.

ಕೋರ್ಟಿಗೆ ಹೋದವರ ಗಾದೆ ಸುಳ್ಳಲ್ಲ. ಆದರೆ ಕೋರ್ಟಿಗೆ ಹೋಗಬೇಕಾದಾಗ ಹೋಗಲು ನಮ್ಮವರೇ ಇಲ್ಲದಿದ್ದರೆ, ಗೆಲ್ಲುವ ಸೋಲುವ ಮಾತೇ ಬರುವುದಿಲ್ಲ. ಮಗಳು ಕಾನೂನು ಕಲಿಯುತ್ತೇನೆಂದರೆ ಈ ಸಲವಾದರೂ ಜಗಲಿಯ ಹಿರಿಯರು ಗಾದೆ ಹೇಳುವ ಮುನ್ನ, ಎಲ್ಲಿ ಕಲಿಯುತ್ತಿ ಮಗಾ ಎಂದು ಕೇಳಲಿ.